ಆರು ಓಣಿ ಆಚೆ

ಅಮೂರ್ತ ಬೀಜಗಣಿತದಲ್ಲಿ ನಾನು ಮೊದಲ ಸಲ ಫೇಲಾದಾಗ ನಮ್ಮವ್ವ ಒಂದು ವರ್ಷ ಊರಿನಲ್ಲಿ ತಲೆ ಎತ್ತಿ ಓಡಾಡಲಿಲ್ಲ. ಬೇರೆ ಊರುಗಳಲ್ಲಿ ಈ ವಿಷಯದಲ್ಲಿ ಫೇಲಾದವರಿಗೆ ಜನ, ‘ಹೋಗಲಿ ಬಿಡು, ಅದನ್ನು ಕಲಿತು ಯಾರು ಉದ್ಧಾರ ಆಗಿದ್ದಾರೆ’ ಎಂದು ಸಮಾಧಾನ ಹೇಳುತ್ತಾರಂತೆ. ನಮ್ಮ ಊರಿನಲ್ಲಿ ಆ ಮಾತು ನಡೆಯುವುದಿಲ್ಲ. ಇಲ್ಲಿ ಹಾಲು ಹಾಕುವವನಿಗೂ ಅದರಲ್ಲಿ ಬರುವ ಗ್ರೂಪ್ ಥಿಯರಿ, ಅಂದರೆ ಅದಲುಬದಲಿನ ಲೆಕ್ಕ, ಬೇಕು. ಇಲ್ಲದಿದ್ದರೆ ಅವನಿಗೆ ಮನೆಗಳು ಸಿಗುವುದರೊಳಗೆ ಹಾಲು ಮೊಸರಾಗಿರುತ್ತದೆ.

ನಮ್ಮ ಊರು ದೊಡ್ಡಗುಂಡು ಎಂಬ ಬಂಡೆಯ ಸುತ್ತ ಹಬ್ಬಿಕೊಂಡಿದೆ. ಬಂಡೆ ಎಷ್ಟು ದೊಡ್ಡದೆಂದರೆ ಆಚೆ ಮದುವೆಯ ವಾಲಗ ಊದಿದರೆ ಈಚೆ ಮಲಗಿದ ಕೂಸು ಏಳುವುದಿಲ್ಲ. ಬಂಡೆಯನ್ನು ಸುತ್ತಿ ಒಂದು ರಸ್ತೆ, ಆ ರಸ್ತೆಗೆ ಬಾಯಿ ತೆರೆದುಕೊಂಡ ಹನ್ನೆರಡು ಓಣಿ. ದಿನಾ ಬೆಳಿಗ್ಗೆ ಆರಕ್ಕೆ ಬಸ್ ಸ್ಟ್ಯಾಂಡಿನ ಗಂಟೆ ಹೊಡೆದ ಕೂಡಲೇ ಓಣಿಗಳು ಜಾಗ ಬದಲಿಸುತ್ತವೆ. ಹಿಂದಿನ ರಾತ್ರಿ ಗಾಳಿ ಬೀಸಿರದಿದ್ದರೆ ಅವತ್ತು ಜಾರು. ಅಂದರೆ ಪ್ರತಿ ಓಣಿಯೂ ಒಂದು ಜಾಗ ಮುಂದೆ ಸರಿಯುತ್ತದೆ, ಹನ್ನೆರಡನೆಯದು ಸುತ್ತಿ ಬಂದು ಬಸ್ ಸ್ಟ್ಯಾಂಡಿನ ಮಗ್ಗುಲಲ್ಲಿ ಮೊದಲನೆಯದಾಗಿ ನಿಲ್ಲುತ್ತದೆ. ಗಾಳಿ ಬೀಸಿದ್ದರೆ ಅದಲು. ಬಸ್ ಸ್ಟ್ಯಾಂಡ್ ಕಡೆಯಿಂದ ಎಣಿಸಿದರೆ ಮೊದಲನೆಯ ಓಣಿ ಎರಡನೆಯದರ ಜಾಗಕ್ಕೆ, ಎರಡನೆಯದು ಮೊದಲನೆಯದರ ಜಾಗಕ್ಕೆ. ಅದೇ ಹೊತ್ತಿಗೆ ಬಂಡೆಯ ಹಿಂದೆ ಏಳನೆಯದೂ ಎಂಟನೆಯದೂ ಹಾಗೆಯೇ ಅದಲುಬದಲಾಗುತ್ತವೆ. ಮಿಕ್ಕವು ಇದ್ದಲ್ಲೇ ಇರುತ್ತವೆ.

ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಐದು ಮುಕ್ಕಾಲಿಗೆ ಒಲೆಯ ಮೇಲಿನ ಪಾತ್ರೆಯನ್ನು ಕೆಳಗಿಳಿಸುತ್ತೇವೆ, ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿಗೆ ಒಬ್ಬರು ಕೈ ಹಿಡಿದಿರುತ್ತಾರೆ, ಗಂಟೆಯಾದ ಮೇಲೆ ಬಾಗಿಲು ತೆಗೆದು ಇವತ್ತು ಪಕ್ಕದವರು ಯಾರು ಎಂದು ನೋಡುತ್ತೇವೆ. ಆ ದಿನದ ಪಟ್ಟಿಯನ್ನು ವಿಶ್ವವಿದ್ಯಾಲಯದವರು ಗಂಟೆಯಾದ ಮೇಲೆ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸುತ್ತಾರೆ. ಹನ್ನೆರಡು ಹೆಸರು, ಒಂದರ ಕೆಳಗೊಂದು. ಜನ ತಮ್ಮ ಓಣಿ ಎಷ್ಟನೆಯದು, ಮೇಲೆ ಕೆಳಗೆ ಯಾರಿದ್ದಾರೆ ಎಂದಷ್ಟೇ ನೋಡಿ ಮನೆಗೆ ಹೋಗುತ್ತಾರೆ.

ಆ ವಿಶ್ವವಿದ್ಯಾಲಯ ಊರ ಹೊರಗೆ ಕದಲದ ನೆಲದ ಮೇಲಿದೆ. ನಮಗೆ ಬೀಜಗಣಿತ ಹೇಳುತ್ತಿದ್ದವರು ಅಗಸಿಮನಿ ಸರ್. ಮೂವತ್ತು ವರ್ಷ ಅದೇ ಪಾಠ, ಅದೇ ಕೋಟು. ಮೊದಲ ಸಲದ ಪರೀಕ್ಷೆಯಲ್ಲಿ ನಾನು, ‘ಜಾರಿದ ಮೇಲೆ ಅದಲಾದರೂ, ಅದಲಾದ ಮೇಲೆ ಜಾರಿದರೂ ಊರು ಒಂದೇ ಥರ ನಿಲ್ಲುತ್ತದೆ’ ಎಂದು ಬರೆದಿದ್ದೆ. ಸರ್ ನನ್ನ ಪತ್ರಿಕೆಯನ್ನು ಇಡೀ ತರಗತಿಗೆ ಕಾಣುವಂತೆ ಎತ್ತಿ ಹಿಡಿದರು.

“ಕಸ್ತೂರಿ, ನಿಮ್ಮ ಮನ್ಯಾಗ ಮೊದಲ ಸಾಸಿವಿ ಹಾಕಿ ಆಮ್ಯಾಲ ಎಣ್ಣಿ ಕಾಸ್ತಾರೇನವಾ?”

ತರಗತಿ ನಕ್ಕಿತು. ನಾನೂ ನಕ್ಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಮನೆಗೆ ಹೋಗಿ ಪ್ರಶ್ನೆಪತ್ರಿಕೆಯೇ ಸರಿಯಿರಲಿಲ್ಲ ಎಂದೆ.

ಎರಡನೆಯ ಸಲ ಪಾಸಾಗಲು ನನಗಿದ್ದ ದಾರಿ ಪ್ರಾಕ್ಟಿಕಲ್. ನಮ್ಮ ವಿಭಾಗದ್ದೊಂದು ಅರ್ಜಿ ಪೆಟ್ಟಿಗೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತದೆ. ಊರಿನವರು ತಮ್ಮ ತೊಂದರೆ ಬರೆದು ಹಾಕುತ್ತಾರೆ, ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಚೀಟಿ ಎತ್ತಿ ಅದನ್ನು ಬಿಡಿಸಬೇಕು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ರುದ್ರಮುನಿಗೆ ಒಬ್ಬ ಕ್ಷೌರಿಕನ ಅರ್ಜಿ ಬಂತು. ಜಾತ್ರೆಯ ದಿನ ತನ್ನ ಓಣಿ ಬಸ್ ಸ್ಟ್ಯಾಂಡಿನ ಹತ್ತಿರ ಇರುತ್ತದೋ ಇಲ್ಲವೋ ಎಂಬುದು ಅವನ ಚಿಂತೆ. ಹತ್ತು ನಿಮಿಷದ ಲೆಕ್ಕ. ನನಗೆ ಬಂದದ್ದು ಕ್ಯಾಲೆಂಡರಿನ ಹಾಳೆಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆದ ಚೀಟಿ: ‘ನನ್ನ ತಂಗಿಯ ಉಪ್ಪಿನ ಓಣಿ ನಮ್ಮ ಬಳೆಗಾರ ಓಣಿಯ ಪಕ್ಕಕ್ಕೆ ಯಾವತ್ತು ಬರುತ್ತದೆ? ನನಗೆ ಎಪ್ಪತ್ತೊಂದು. ಬೇಗ ತಿಳಿಸಬೇಕು. ಬಾಳವ್ವ.’

ಇಲ್ಲಿ ನಮ್ಮ ಊರಿನ ಒಂದು ರೀತಿ-ರಿವಾಜಿನ ವಿಷಯ ಹೇಳಬೇಕು. ಬೇರೆ ಬೇರೆ ಓಣಿಯ ಇಬ್ಬರು ಜಗಳವಾಡಿ ಮಾತು ಬಿಟ್ಟರೆ, ಒಬ್ಬರು ಇನ್ನೊಬ್ಬರ ಬಾಗಿಲಿಗೆ ನಡೆದು ಹೋಗುವಂತಿಲ್ಲ. ಹೋದರೆ ಸೋತಂತೆ. ಅವರ ಓಣಿಗಳು ಪಕ್ಕಪಕ್ಕ ಬಂದು ನಿಲ್ಲುವ ದಿನ ಇಬ್ಬರೂ ತಮ್ಮ ತಮ್ಮ ಓಣಿಯ ಬಾಯಿಗೆ ಬಂದು ಬೆಲ್ಲ ಕೊಟ್ಟು ತೆಗೆದುಕೊಂಡು ಮಾತಾಡುತ್ತಾರೆ. ಯಾರೂ ಯಾರ ಹತ್ತಿರವೂ ಹೋದಂತಾಗಲಿಲ್ಲ, ಊರೇ ತಂದು ನಿಲ್ಲಿಸಿತು. ಯಾರ ಮೀಸೆಯೂ ಮಣ್ಣಾಗುವುದಿಲ್ಲ, ಮೀಸೆ ಇಲ್ಲದವರದೂ ಇಲ್ಲ. ಹೆಚ್ಚಿನ ಜಗಳಗಳು ಎರಡು ಮೂರು ತಿಂಗಳಲ್ಲಿ ಹೀಗೆ ಮುಗಿದುಹೋಗುತ್ತವೆ. ಒಂದೇ ಓಣಿಯವರಿಗೆ ಈ ಅನುಕೂಲ ಇಲ್ಲದ್ದರಿಂದ ಅವರು ಸಂಜೆಯೊಳಗೆ ರಾಜಿಯಾಗುತ್ತಾರೆ.

ಬಾಳವ್ವಜ್ಜಿಯ ಮನೆಗೆ ಹೋದಾಗ ಆಕೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಸಣ್ಣ ಆಳು, ದೊಡ್ಡ ದನಿ. ನಾನು ಯಾರೆಂದು ಹೇಳಿದ್ದೇ ತಡ, ಮುಂದೆ ಮೊರ ಸರಿಸಿ ನನ್ನನ್ನೂ ಕೆಲಸಕ್ಕೆ ಹಚ್ಚಿದಳು.

“ಮಾತ ಬಿಟ್ಟು ಎಷ್ಟು ದಿನಾ ಆತಜ್ಜಿ?” ಎಂದು ಕೇಳಿದೆ.

“ಇಪ್ಪತ್ತಮೂರು ವರ್ಷ.”

ನನ್ನ ಕೈಯಲ್ಲಿದ್ದ ಅವರೆಕಾಯಿ ಕೆಳಗೆ ಬಿತ್ತು. ಇಪ್ಪತ್ತಮೂರು ವರ್ಷ ಎರಡು ಓಣಿ ಪಕ್ಕಕ್ಕೆ ಬರದಿರುವುದನ್ನು ನಾನು ಕೇಳಿರಲೇ ಇಲ್ಲ. “ಅಂಥಾದ್ದೇನಾಗಿತ್ತು?”

“ಆಕಿ ಮಗಳ ಸೀಮಂತಕ್ಕ ಹೋಗಿದ್ನೆವಾ. ಸಾರಿಗೆ ಉಪ್ಪ ಜಾಸ್ತಿ ಆಗೈತಿ ಅಂದ್ನಿ. ಉಪ್ಪಿನ ಓಣಿಗೆ ಬಂದು ಉಪ್ಪ ಜಾಸ್ತಿ ಅಂದ್ರ ಹೆಂಗಬೇ ಅಂದ್ಲು. ಪಂಕ್ತಿಗೆ ಪಂಕ್ತಿನs ನಕ್ಕತಿ. ನಾ ಎಲಿ ಮಡಿಚಿ ಎದ್ದು ಬಂದ್ನಿ.”

“ಅಷ್ಟs?”

“ನಿನಗ ಅಷ್ಟ ಅನಸ್ತೈತಿ. ನಕ್ಕಿದ್ದು ನಿನ್ನ ನೋಡಿ ಅಲ್ಲಲ್ಲ.” ಆಕೆ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. “ಮೊದಲ ವರ್ಷ ಸಿಟ್ಟಿತ್ತು. ಎರಡನೇ ವರ್ಷಕ್ಕs ಹೋತು. ಆವತ್ತಿಂದ ದಿನಾ ಮುಂಜಾನಿ ಬಾಗಲಾ ತಗದು ನೋಡ್ತೀನಿ. ಎಲ್ಲಾರೂ ಬರ್ತಾರ. ಕುಂಬಾರರು ಬರ್ತಾರ, ಗಾಣಿಗೇರು ಬರ್ತಾರ. ಆಕಿ ಬರೂದಿಲ್ಲ. ಸಂತ್ಯಾಗ ಕಂಡ್ರ ಆಕಿ ಬದನಿಕಾಯಿ ನೋಡ್ತಾಳ, ನಾನೂ ಬದನಿಕಾಯಿ ನೋಡ್ತೀನಿ. ನನಗ ಬದನಿಕಾಯಿ ಆಗಿಬರೂದs ಇಲ್ಲ.”

ನನಗೆ ನಗುವೂ ಬಂತು, ಸಂಕಟವೂ ಆಯಿತು. ನಲವತ್ತು ಅಂಕಗಳ ಆಸೆಗೆ ಬಂದವಳು ಈ ಅಜ್ಜಿಗೆ ತಂಗಿಯನ್ನು ತಂದು ನಿಲ್ಲಿಸಿಯೇ ತೀರುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ.

ನಮ್ಮ ಊರಿನ ಪಂಚಾಂಗದಲ್ಲಿ ತಿಥಿ ನಕ್ಷತ್ರಗಳ ಪಕ್ಕದಲ್ಲಿ ಗಾಳಿಗೂ ಒಂದು ಸಾಲು ಇರುತ್ತದೆ. ಅದು ತಪ್ಪಿದ್ದನ್ನು ನಾನು ಕಂಡಿಲ್ಲ. ಅದನ್ನು ಮುಂದಿಟ್ಟುಕೊಂಡು ಒಂದೊಂದು ದಿನಕ್ಕೆ ಒಂದೊಂದು ಪಟ್ಟಿ ಬರೆಯುತ್ತ ಹೋದೆ. ಗಾಳಿಯಿಲ್ಲ, ಜಾರು. ಗಾಳಿ, ಅದಲು. ನಾಲ್ಕು ದಿನ ಕೂತು ಹತ್ತೊಂಬತ್ತನೆಯ ಪಟ್ಟಿ ಬರೆದಾಗ ನಾಲ್ಕನೆಯ ಸಾಲಿನಲ್ಲಿ ಬಳೆಗಾರ ಓಣಿ, ಐದನೆಯ ಸಾಲಿನಲ್ಲಿ ಉಪ್ಪಿನ ಓಣಿ! ನಾನು ಕುರ್ಚಿಯಿಂದ ಎಗರಿದೆ. ಬರುವ ಸೋಮವಾರ ಬಿಟ್ಟು ಮುಂದಿನ ಸೋಮವಾರ. ಮೊದಲು ಸರ್‌ಗೆ ತೋರಿಸಬೇಕು ಎಂಬುದು ನಿಯಮ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು. ನೇರ ಬಾಳವ್ವಜ್ಜಿಯ ಮನೆಗೆ ಓಡಿದೆ.

ಆಕೆ ಎರಡು ಸಲ ತಾರೀಖು ಕೇಳಿದಳು, ಆಮೇಲೆ ನನ್ನ ಕೆನ್ನೆ ಸವರಿ ನೆಟಿಗೆ ಮುರಿದಳು. ಸಂಜೆಯಷ್ಟರಲ್ಲಿ ಸುದ್ದಿ ಬಂಡೆ ಸುತ್ತಿ ಬಂತು. ಆ ಕಡೆ ಉಪ್ಪಿನ ಓಣಿಯಲ್ಲಿ ತಂಗಿ ಸಾವಂತ್ರೆವ್ವ ಗೋಡೆಗೆ ಸುಣ್ಣ ಹೊಡೆಸುತ್ತಿದ್ದಾಳಂತೆ ಎಂದು ಹಾಲಿನವನು ಹೇಳಿದ. ನಮ್ಮವ್ವ ಒಂದು ವರ್ಷದ ಮೇಲೆ ಮೊದಲ ಸಲ ಸಂತೆಯಲ್ಲಿ ನಿಂತು ಎಲ್ಲರ ಜೊತೆ ಮಾತಾಡಿದಳು.

ಆ ಸೋಮವಾರ ಬೆಳಿಗ್ಗೆ ಬಳೆಗಾರ ಓಣಿಯ ಬಾಯಲ್ಲಿ ಅರ್ಧ ಊರು ಸೇರಿತ್ತು. ಬಾಳವ್ವಜ್ಜಿ ಹಸಿರು ಇಳಕಲ್ ಸೀರೆಯುಟ್ಟು, ತಟ್ಟೆಯಲ್ಲಿ ಬೆಲ್ಲ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಆರು ಗಂಟೆ ಹೊಡೆಯಿತು. ನೆಲ ಗಡಗಡ ಎಂದಿತು. ಧೂಳು ಇಳಿದ ಮೇಲೆ ನೋಡಿದರೆ, ಪಕ್ಕದಲ್ಲಿ ಗಾಣಿಗರ ಓಣಿ. ಓಣಿಯ ಬಾಯಲ್ಲಿ ಒಬ್ಬ ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತ ನಿಂತಿದ್ದವನು, ಇಷ್ಟೊಂದು ಜನ ತನ್ನನ್ನೇ ನೋಡುತ್ತಿರುವುದು ಕಂಡು ಗಾಬರಿಯಾಗಿ ಒಳಗೆ ಹೋದ. ಇನ್ನೊಂದು ಮಗ್ಗುಲಲ್ಲಿ ಕಬ್ಬಿಣ ಬಡಿಯುವ ಕಂಬಾರ ಓಣಿ.

ನನಗೆ ಭೂಮಿ ಬಾಯಿಬಿಡಬಾರದೆ ಎನಿಸಿತು. ಬಾಳವ್ವಜ್ಜಿ ನನ್ನ ಕಡೆ ತಿರುಗಿ, “ಗಾಳಿ ತಪ್ಪಿರಬೇಕು ಬಿಡವಾ. ನೀ ಏನ ಮಾಡ್ತಿ” ಎಂದಳು. ಬೆಲ್ಲವನ್ನು ಅಲ್ಲಿದ್ದ ಮಕ್ಕಳಿಗೆ ಹಂಚಿ ಒಳಗೆ ಹೋದಳು. ಬೈದಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ.

ಅಗಸಿಮನಿ ಸರ್ ನನ್ನ ಹತ್ತೊಂಬತ್ತು ಪಟ್ಟಿಗಳನ್ನೂ ನೋಡಿ ಮೂರನೆಯದರ ಮೇಲೆ ಕೆಂಪು ಪೆನ್ಸಿಲ್ ಇಟ್ಟರು. “ಇಲ್ಲಿ ಅದಲು. ಮುಂದಿನೆರಡು ಬದಲ ಮಾಡೀದಿ. ಹಿಂದ ಏಳು, ಎಂಟು?”

ನಾನು ಹಣೆ ಚಚ್ಚಿಕೊಂಡೆ. ಊರಿನ ಮಾತಿನಲ್ಲಿ ಅದಲು ಎಂದರೆ ‘ಮುಂದಿನೆರಡು’. ಬಂಡೆಯ ಹಿಂದೆ ಆಗುವುದನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದಲ್ಲ. ನಾನು ಬಾಯಲ್ಲಿ ಆಡುವುದನ್ನೇ ಹಾಳೆಯ ಮೇಲೆ ಬರೆದಿದ್ದೆ.

ಗ್ರಂಥಾಲಯದಲ್ಲಿ ಕೂತು ಮತ್ತೆ ಮೊದಲಿನಿಂದ ಬರೆದೆ. ಈ ಸಲ ಹಿಂದೆ ಮುಂದೆ ಎರಡೂ. ಇಪ್ಪತ್ತು ದಿನ, ನಲವತ್ತು ದಿನ, ಅರವತ್ತು ದಿನ. ಎರಡು ಓಣಿ ಪಕ್ಕಕ್ಕೆ ಬರಲಿಲ್ಲ. ಬೇಸರಕ್ಕೆ ಅವೆರಡರ ನಡುವೆ ಎಷ್ಟು ಸಾಲು ಎಂದು ಎಣಿಸಿದೆ. ಆರು ಸಾಲು ಕೆಳಗೆ. ಇನ್ನೊಂದು ಪಟ್ಟಿ, ಆರು. ಮತ್ತೊಂದು, ಆರು. ಕಪಾಟಿನಿಂದ ಹಳೆಯ ಪಟ್ಟಿಗಳನ್ನು ಇಳಿಸಿದೆ. ನಾನು ಹುಟ್ಟುವ ಮುಂಚಿನವು, ಗೆದ್ದಲು ತಿಂದವು. ಎಲ್ಲದರಲ್ಲೂ ಆರು. ನಮ್ಮ ಹೂಗಾರ ಓಣಿಗೆ ಆರು ಸಾಲು ಆಚೆ ಯಾವತ್ತೂ ಕುಂಬಾರ ಓಣಿ. ಪ್ರತಿ ಓಣಿಗೂ ಬಂಡೆಯ ಹಿಂದೆ ಇಂಥದೊಂದು ಬೆನ್ನಿನ ಓಣಿ ಇತ್ತು.

ಯಾಕೆ ಎಂದು ತಿಳಿಯುವುದಕ್ಕೆ ನನಗೆ ಒಂದು ಮಧ್ಯಾಹ್ನ ಸಾಕಾಯಿತು. ಜಾರಿದರೆ ಎರಡೂ ಒಂದೊಂದು ಜಾಗ ಮುಂದೆ ಹೋಗುತ್ತವೆ, ನಡುವಿನ ಅಂತರ ಅಷ್ಟೇ. ಅದಲಾದರೆ, ಒಂದನೆಯ ಜಾಗದಲ್ಲಿದ್ದದ್ದು ಎರಡಕ್ಕೆ ಹೋದ ಕ್ಷಣವೇ ಅದರ ಬೆನ್ನಿನ ಓಣಿ ಏಳರಿಂದ ಎಂಟಕ್ಕೆ ಹೋಗುತ್ತದೆ. ಅಂತರ ಮತ್ತೆ ಆರು. ಗಾಳಿ ಹೇಗೆ ಬೇಕಾದರೂ ಬೀಸಲಿ, ಸಾವಿರ ವರ್ಷ ಬೀಸಲಿ, ಆರು ಎಂಬುದು ಒಂದಾಗುವುದಿಲ್ಲ. ನನ್ನ ಬದುಕಿನಲ್ಲಿ ನಾನೇ ಮಾಡಿದ ಮೊದಲ ಸಾಧನೆ ಅದು. ಎಷ್ಟು ಖುಷಿಯಾಯಿತೆಂದರೆ ಎದ್ದು ನಿಂತು ಮೇಜಿನ ಸುತ್ತ ನಡೆದೆ. ಅರ್ಧ ಸುತ್ತು ಹಾಕುವಷ್ಟರಲ್ಲಿ ಬಾಳವ್ವಜ್ಜಿಯ ಹಸಿರು ಸೀರೆ ನೆನಪಾಯಿತು, ಕಾಲು ನಿಂತವು.

ಸರ್ ಓದಿ ನೋಡಿ, “ಸರಿ ಐತಿ” ಎಂದರು. ನನಗೆ ಅವರು ಈ ಮಾತು ಹೇಳಿದ್ದು ಅದೇ ಮೊದಲು. ಆಮೇಲೆ ಸ್ವಲ್ಪ ನಾಚಿಕೊಂಡು, “ಇದು ಪುಸ್ತಕದಾಗs ಐತಿ ಕಸ್ತೂರಿ. ಮೂರನೇ ಅಧ್ಯಾಯದ ಕಡೀ ಲೆಕ್ಕ” ಎಂದರು.

“ಹಂಗಾರ ಊರಾಗ ಯಾಕ ಯಾರಿಗೂ ಹೇಳಲಿಲ್ರಿ?”

“ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಹುಡುಗರ ಕಡಿಂದ ಬಿಡಿಸೀನಿ. ಉತ್ತರ ಸರಿ ಇದ್ರ ಟಿಕ್ ಹಾಕಿ ಪುಟಾ ತಿರುವೀನಿ. ಇದರಾಗ ಇಬ್ಬರು ಅಕ್ಕತಂಗ್ಯಾರು ಕುಂತಾರ ಅಂತ ನನಗೇನ ಗೊತ್ತು?” ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದರು. “ನಿನ್ನ ಪ್ರಾಕ್ಟಿಕಲ್ ಮುಗೀತು. ನಲವತ್ತಕ್ಕ ಮೂವತ್ತೊಂಬತ್ತು. ಒಂದು ಅಂಕ ಮೊದಲಿನ ತಪ್ಪಿಗೆ. ಆ ಮುದುಕಿಗೆ ಹೇಳೂದು ಸಿಲಬಸ್‌ದಾಗ ಇಲ್ಲ.”

ಮನೆಯಲ್ಲಿ ನಮ್ಮವ್ವ ಬೇರೆಯದೇ ದಾರಿ ಹೇಳಿದಳು. “ಮುಂದಿನ ವರ್ಷ ಬರ್ತೈತಿ ಅಂದುಬಿಡು. ಆಸೇ ಮ್ಯಾಲಾದ್ರೂ ಇರಲಿ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಒಂದು ಸುಳ್ಳು ತಾರೀಖನ್ನು ತಿಳಿಯದೆ ಕೊಟ್ಟು ಆಕೆಯ ಮುಖ ನೋಡಿದ್ದೆ. ತಿಳಿದೂ ತಿಳಿದೂ ಇನ್ನೊಂದು ಕೊಡುವುದು ನನ್ನಿಂದ ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಸರ್‌ಗೆ, “ನಾ ಹೋಗಿ ಹೇಳ್ತೀನ್ರಿ” ಎಂದೆ.

ಅವರು ಚಪ್ಪಲಿ ಮೆಟ್ಟಿಕೊಂಡರು. “ನೀ ಅಕ್ಕನ ಕಡೆ ಹೋಗು. ತಂಗಿಗೂ ಯಾರರ ಹೇಳಬೇಕಲ್ಲ. ಆ ಕಡೆ ನಾ ಹೋಗ್ತೀನಿ.”

ಬಾಳವ್ವಜ್ಜಿಗೆ ಹಾಳೆ ತೋರಿಸಿ ಉಪಯೋಗವಿರಲಿಲ್ಲ. ಆಕೆಯ ಮನೆಯಲ್ಲಿ ಬಳೆಗೆ ಬರವಿಲ್ಲ. ನೆಲದ ಮೇಲೆ ಒಂದು ತಂಬಿಗೆ ಮಗುಚಿ, ಅದೇ ಬಂಡೆ ಎಂದೆ. ಸುತ್ತ ಹತ್ತು ಹಸಿರು ಬಳೆ, ಅಕ್ಕತಂಗಿಯರ ಓಣಿಗಳಿಗೆ ಎದುರುಬದುರು ಎರಡು ಕೆಂಪು. ಜಾರು ಹೇಗೆ, ಅದಲು ಹೇಗೆ ಎಂದು ತೋರಿಸಿದೆ. ಆಮೇಲೆ ಆಕೆ ನನ್ನ ಕೈ ತಳ್ಳಿ ತಾನೇ ಆಡತೊಡಗಿದಳು. ಜಾರಿಸಿದಳು, ಅದಲು ಮಾಡಿದಳು, ಎರಡೆರಡು ಸಲ ಮಾಡಿದಳು. ಒಂದು ಸಲ ನಾನು ಆಚೆ ನೋಡುತ್ತಿದ್ದೇನೆಂದು ತಿಳಿದು ಹಿಂದಿನ ಬಳೆಗಳನ್ನು ಬದಲಿಸದೆ ಬಿಟ್ಟಳು. ನಾನು ನೋಡಿದೆ, ತಾನೇ ಸರಿ ಮಾಡಿದಳು. ಏನು ಮಾಡಿದರೂ ಎರಡು ಕೆಂಪು ಬಳೆಗಳ ನಡುವೆ ತಂಬಿಗೆ.

“ಎಂದೂ?” ಎಂದಳು.

“ಎಂದೂ ಬರೂದಿಲ್ಲಜ್ಜಿ.”

ಆಕೆ ಬಳೆಗಳನ್ನು ಒಂದೊಂದೇ ದಾರಕ್ಕೆ ಏರಿಸಿದಳು. ಅಳುತ್ತಾಳೆ ಎಂದು ನಾನು ಹೆದರಿ ಕೂತಿದ್ದೆ. ದಾರಕ್ಕೆ ಗಂಟು ಹಾಕಿ, “ಖರೇ ಐತಿ. ಜಗಳಾ ಆಗೂಕಿಂತ ಮೊದಲ ದಿನಾ ಅರ್ಧಾ ಊರ ಸುತ್ತಿ ಹೋಗತಿದ್ನಿ. ಯಾವತ್ತೂ ಅಷ್ಟs ದೂರ ಇತ್ತು. ಲೆಕ್ಕಾ ಇಡಲಿಲ್ಲ ನೋಡು” ಎಂದಳು. ಮತ್ತೆ, “ಹಂಗಾರ ಓಣಿ ಬರೂತನಾ ಕಾಯಬೇಕು ಅನ್ನೂದು ಓಣಿ ಬರೋವ್ರಿಗೆ ಮಾಡಿದ ರೀತಿ. ನಮಗಲ್ಲ. ನಾ ಇಪ್ಪತ್ತಮೂರು ವರ್ಷ ಮಂದೀ ರೀತಿ ಪಾಲಿಸೀನಿ” ಎಂದಳು.

ಎದ್ದವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು. “ಏಳು. ಯಾ ಕಡಿಂದ ಹೋದ್ರ ಹತ್ತರ?”

“ಎರಡೂ ಕಡಿಂದ ಅಷ್ಟs ಅಜ್ಜಿ. ಆರು ಓಣಿ.”

“ನಿನ್ನ ಲೆಕ್ಕಾ ಒಂದಕ್ಕೂ ಉಪಯೋಗಿಲ್ಲ” ಎಂದಳು. “ಗುಂಡ ಬಲಕ್ಕ ಇರಲಿ. ದೇವರಿಗೆ ಸುತ್ತ ಹಾಕಿದಂಗ ಹೋಗೂಣು.”

ಹಾಡಹಗಲಲ್ಲಿ ಒಬ್ಬಾಕೆ ಮಾತು ಬಿಟ್ಟವರ ಬಾಗಿಲಿಗೆ ತಾನಾಗಿ ನಡೆದು ಹೋಗುವುದನ್ನು ನಮ್ಮ ಊರು ಕಂಡಿರಲಿಲ್ಲ. ಕಂಬಾರ ಓಣಿಯಲ್ಲಿ ಸುತ್ತಿಗೆ ನಿಂತಿತು. ಯಾರೋ, “ಸೋತ್ಯಾ ಬಾಳವ್ವಾ?” ಎಂದು ಕೂಗಿದರು. “ಹೂಂನ್ರೋ, ಸೋತ್ನಿ, ನಿಮಗೇನರ ತ್ರಾಸ ಐತೇನು?” ಎಂದು ಆಕೆ ಅದಕ್ಕಿಂತ ಜೋರಾಗಿ ಕೂಗಿದಳು. ದಾರಿಯ ನಾಲ್ಕನೆಯ ಓಣಿಯ ಹತ್ತಿರ ನಿಂತು, “ಬಾಗಲಾ ಹಾಕ್ಕೊಂಡ್ರ?” ಎಂದು ಕೇಳಿದಳು. ನಾನು ಆಕೆಯ ಮುಂಗೈ ಹಿಡಿದು ಐದನೆಯದರ ಕಡೆ ನಡೆಸಿದೆ.

ಉಪ್ಪಿನ ಓಣಿಯಲ್ಲಿ ಹೊಸ ಸುಣ್ಣ ಹೊಡೆದ ಮನೆ ಕಂಡಿತು. ಬಾಗಿಲಲ್ಲಿ ಸಾವಂತ್ರೆವ್ವನ ಸೊಸೆ ನಿಂತಿದ್ದಳು. ನಮ್ಮನ್ನು ಕಂಡು ಎರಡೂ ಕೈ ಬಾಯಿಗೆ ಒಯ್ದಳು.

“ಅಯ್ಯ ದೊಡ್ಡತ್ತಿ! ಅತ್ತಿ ನಿಮ್ಮ ಮನಿಗೆ ಹೊಂಟು ಆಗಲೇ ಅರ್ಧಾ ತಾಸಾತ್ರಿ. ಕಾಲೇಜಿನ ಸರ್ ಬಂದು ಎಂದೂ ಪಕ್ಕಕ್ಕ ಬರೂದಿಲ್ಲ ಅಂತ ಹೇಳಿದ್ರು. ಹೇಳಿ ಮುಗಸೂತನಾನೂ ಕೂಡಲಿಲ್ರಿ. ಚಪ್ಪಲೀನೂ ಹಾಕ್ಕೊಂಡಿಲ್ಲ.”

“ನಮಗ ದಾರ್ಯಾಗ ಸಿಗಲಿಲ್ಲಲ್ಲ?” ಎಂದೆ ನಾನು. “ಯಾ ಕಡಿ ಹಿಡಿದು ಹೋದ್ರು?”

“ಗುಂಡ ಬಲಕ್ಕ ಹಾಕ್ಕೊಂಡ್ರಿ. ದೇವರಿಗೆ ಸುತ್ತ ಹಾಕಿದಂಗ.”

ಇಬ್ಬರೂ ಒಂದೇ ದಿಕ್ಕಿಗೆ ಸುತ್ತಿದ್ದರು. ಇಬ್ಬರ ನಡುವೆ ದಾರಿಯುದ್ದಕ್ಕೂ ಬಂಡೆ. ಬಾಳವ್ವಜ್ಜಿ ತಂಗಿಯ ಮನೆಯ ಕಟ್ಟೆಯ ಮೇಲೆ ದೊಪ್ಪನೆ ಕೂತಳು. ಮೊದಲು ನಕ್ಕಳು. ನಗುತ್ತ ನಗುತ್ತಲೇ ಕಣ್ಣಿಗೆ ಸೆರಗು ಹಚ್ಚಿದಳು. “ಆಕಿ ನನ್ನ ಬಾಗಲಾಗ, ನಾ ಆಕಿ ಬಾಗಲಾಗ. ಈಗ ಯಾರು ಸೋತ್ರು ಹೇಳ್ರೆಬೇ?” ತಟ್ಟನೆ ನನ್ನ ಕಡೆ ತಿರುಗಿದಳು. “ನಾ ಇಲ್ಲಂತ ಆಕಿ ಮತ್ತ ಹೊಂಟಗಿಂಟಾಳು. ಓಡು ಕಸ್ತೂರಿ. ಅಲ್ಲೇ ಇರು ಅನ್ನು. ಅಕ್ಕ ಬರಾಕತ್ತಾಳ ಅನ್ನು.”

ನಾನು ಓಡಿದೆ. ಆರು ಓಣಿ ಅಷ್ಟು ದೂರ ಎಂದು ಅವತ್ತೇ ಗೊತ್ತಾಗಿದ್ದು. ಬಾಳವ್ವಜ್ಜಿಯ ಮನೆ ಬಾಗಿಲು ತೆರೆದಿತ್ತು. ಒಳಗೆ ಅಡಿಗೆಮನೆಯಲ್ಲಿ, ಅಕ್ಕನಷ್ಟೇ ಸಣ್ಣ ಆಳು, ಕೆಂಪು ಮಣ್ಣಾದ ಬರಿಗಾಲು, ಸಾವಂತ್ರೆವ್ವ ಒಲೆಯ ಮುಂದೆ ಕೂತು ಅನ್ನ ಬಸಿಯುತ್ತಿದ್ದಳು. ನಾನು ಏದುಸಿರು ಬಿಡುತ್ತ, “ಅಕ್ಕ ಬರಾಕತ್ತಾರ್ರಿ” ಎಂದೆ.

ಆಕೆ ತಿರುಗಲಿಲ್ಲ. “ಬರಲಿ. ಆಕಿ ನಡಗಿ ಮೊದಲಿಂದಾನೂ ನಿಧಾನ” ಎಂದಳು. ಬಸಿದ ಗಂಜಿ ಅರ್ಧ ನೆಲಕ್ಕೆ ಚೆಲ್ಲಿದ್ದು ಆಕೆಗೆ ಗೊತ್ತೇ ಆಗಿರಲಿಲ್ಲ.

ಅರ್ಧ ಗಂಟೆಯ ಮೇಲೆ ಹೊರಗೆ ಚಪ್ಪಲಿಯ ಸದ್ದಾಯಿತು. ಬಾಳವ್ವಜ್ಜಿ ಐವತ್ತು ವರ್ಷ ತಾನು ಬಾಳಿದ ಮನೆಯ ಹೊಸ್ತಿಲಾಚೆ ನಿಂತುಬಿಟ್ಟಳು. ಒಳಗೆ ಕಾಲಿಡಲಿಲ್ಲ.

“ಸಾವಂತ್ರೀ” ಎಂದಳು. “ಒಳಗ ಬರಲೇನಬೇ?”

ಸಾವಂತ್ರೆವ್ವ ಎದ್ದು ಬಂದು ಬಾಗಿಲ ಪಕ್ಕದ ಕೊಡದಿಂದ ತಂಬಿಗೆಗೆ ನೀರು ತುಂಬಿ ಅಕ್ಕನ ಕೈಗೆ ಕೊಟ್ಟಳು.

“ಕಾಲ ತೊಳಕೊಂಡು ಬಾ. ಅನ್ನ ಆರಾಕತ್ತೈತಿ.”